ಬಳ್ಳಾರಿ ಸೀಮೆಯ ಟರ್ಬೊ ಗಾಡಿಗಳು ಮತ್ತು ಇಂಟರ್‌ಕೂಲರಿನ ಅಳತೆ

ಟರ್ಬೊ ಕೂರಿಸಿದ ಎಂಜಿನ್ನಿಗೆ ಎಷ್ಟು ದೊಡ್ಡ ಇಂಟರ್‌ಕೂಲರ್ ಬೇಕು ಎಂಬ ಪ್ರಶ್ನೆಗೆ ಒಂದು ನೂರು ವರ್ಷಗಳ ಚರಿತ್ರೆ ಇದೆ. ಸೈಲೆನ್ಸರ್ ಕಡೆಗೆ ಹೊರಟ ಬಿಸಿ ಹೊಗೆಯ ರಭಸಕ್ಕೆ ಟರ್ಬೊದ ಒಂದು ಚಕ್ರ ತಿರುಗುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಎಂಜಿನ್ನಿಗೆ ತುಂಬುತ್ತದೆ. ಹೆಚ್ಚು ಗಾಳಿ ಹೋದರೆ ಹೆಚ್ಚು ಇಂಧನ ಉರಿಸಬಹುದು, ಹೆಚ್ಚು ಶಕ್ತಿ ಪಡೆಯಬಹುದು. ಆದರೆ ಒತ್ತಿದ ಗಾಳಿ ಬಿಸಿಯಾಗುತ್ತದೆ, ಬಿಸಿಯಾದ ಗಾಳಿ ಹಿಗ್ಗುತ್ತದೆ, ಹಿಗ್ಗಿದ ಗಾಳಿಯಲ್ಲಿ ಆಮ್ಲಜನಕ ಕಡಿಮೆ. ಟರ್ಬೊ ಒಂದು ಕೈಯಿಂದ ಕೊಟ್ಟದ್ದರಲ್ಲಿ ಒಂದು ಪಾಲನ್ನು ಬಿಸಿ ಇನ್ನೊಂದು ಕೈಯಿಂದ ಕಿತ್ತುಕೊಳ್ಳುತ್ತದೆ. ಟರ್ಬೊ ಮತ್ತು ಎಂಜಿನ್ ನಡುವೆ ಕೂತು ಆ ಬಿಸಿಯನ್ನು ಹೊರಹಾಕುವ ಜಾಲರಿಯೇ ಇಂಟರ್‌ಕೂಲರ್. ನೋಡುವುದಕ್ಕೆ ರೇಡಿಯೇಟರಿನ ತಮ್ಮನಂತಿರುತ್ತದೆ. ಒಳಗೆ ನೀರಿನ ಬದಲು ಗಾಳಿ ಹರಿಯುತ್ತದೆ.

ಬಳ್ಳಾರಿ ಜಿಲ್ಲೆಯಲ್ಲಿ ಈ ಪ್ರಶ್ನೆ ಬೇರೆ ಊರುಗಳಿಗಿಂತ ಗಡುಸಾಗಿದೆ. ಸಿರುಗುಪ್ಪ ತಾಲೂಕಿನ ಹಚ್ಚೊಳ್ಳಿಯಿಂದ ಹೊರಟ ಗಾಡಿ ಸಿರುಗುಪ್ಪಕ್ಕೆ ಬಂದು 150ಎ ಹೆದ್ದಾರಿ ಹಿಡಿದು ಬಳ್ಳಾರಿ ಸೇರುವಷ್ಟರಲ್ಲಿ, ಏಪ್ರಿಲ್ ಮಧ್ಯಾಹ್ನವಾದರೆ, ಟರ್ಬೊ ಎಳೆದುಕೊಳ್ಳುವ ಗಾಳಿಯೇ 40 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಸಮುದ್ರಮಟ್ಟದಲ್ಲಿ, 15 ಡಿಗ್ರಿಯ ತಂಪು ಹವೆಯಲ್ಲಿ, ಗಾಳಿಯ ಒತ್ತಡವನ್ನು ಎರಡು ಪಟ್ಟು ಮಾಡುವ ಟರ್ಬೊ ಅದನ್ನು ಸುಮಾರು 105 ಡಿಗ್ರಿಗೆ ಏರಿಸುತ್ತದೆ. ಬಳ್ಳಾರಿ ನಗರ ಸಮುದ್ರಮಟ್ಟದಿಂದ ಸುಮಾರು 490 ಮೀಟರ್ ಎತ್ತರದಲ್ಲಿದೆ. ಇಲ್ಲಿ ಹೊರಗಿನ ಗಾಳಿ ಸ್ವಲ್ಪ ತೆಳು. ಅದೇ 1 ಬಾರ್ ಬೂಸ್ಟ್, ಎಂದರೆ ಹೊರಗಿನ ಒತ್ತಡಕ್ಕಿಂತ 1 ಬಾರ್ ಹೆಚ್ಚು ಒತ್ತಡ, ಕೊಡಲು ಟರ್ಬೊ ಇನ್ನಷ್ಟು ದುಡಿಯಬೇಕು. ಶುರುವೇ 40 ಡಿಗ್ರಿಯಿಂದ ಆದ್ದರಿಂದ ಟರ್ಬೊದ ಬಾಯಿಂದ ಹೊರಬರುವ ಗಾಳಿ 140 ಡಿಗ್ರಿ ದಾಟುತ್ತದೆ. ಎಂಜಿನ್ ಅದೇ, ಟರ್ಬೊ ಅದೇ. ಊರು ಬದಲಾದ ಮಾತ್ರಕ್ಕೆ ಇಂಟರ್‌ಕೂಲರಿನ ಮೇಲೆ ಬಿದ್ದ ಹೊರೆ ಬೇರೆ. ಬೇರೆ ದೇಶದ ಹವೆಗೆ ಹೊಂದಿಸಿದ ಅಳತೆಯ ಕೋಷ್ಟಕಗಳನ್ನು ಇಲ್ಲಿ ಹಾಗೆಯೇ ನಂಬಬಾರದು ಎನ್ನಲು ಇದೇ ಮೊದಲ ಕಾರಣ.

ಟರ್ಬೊದ ಮೂಲ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯುಕಿ 1905ರಲ್ಲಿ ಪಡೆದ ಪೇಟೆಂಟಿನಲ್ಲಿದೆ. ಅದು ಕಾಗದದಿಂದ ಲೋಹಕ್ಕೆ ಇಳಿದು ಬಲ ತೋರಿಸಿದ್ದು ವಿಮಾನಗಳಿಗಾಗಿ. 1918ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫರ್ಡ್ ಮಾಸ್ 12 ಸಿಲಿಂಡರಿನ ಲಿಬರ್ಟಿ ಎಂಜಿನ್ ಒಂದನ್ನು ಕೊಲೊರಾಡೊದ ಪೈಕ್ಸ್ ಪೀಕ್ ಶಿಖರಕ್ಕೆ, ಸುಮಾರು 4300 ಮೀಟರ್ ಎತ್ತರಕ್ಕೆ, ಸಾಗಿಸಿ ಪರೀಕ್ಷಿಸಿದರು. ಕೆಳಗೆ ಸುಮಾರು 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಮೇಲೆ ತೆಳುಗಾಳಿಯಲ್ಲಿ 230ಕ್ಕೆ ಕುಸಿದಿತ್ತು. ಟರ್ಬೊ ಜೋಡಿಸಿದಾಗ ಅದು 356ಕ್ಕೆ ಏರಿತು. ಅಲ್ಲಿಂದ ಮುಂದೆ ವಿಮಾನಗಳು ಏರಿದಷ್ಟೂ ಒತ್ತಡದ ಅಗತ್ಯ ಏರಿತು, ಒತ್ತಡದೊಂದಿಗೆ ಬಿಸಿಯೂ ಏರಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಟರ್ಬೊ ಇದ್ದ ಅಮೆರಿಕದ ಯುದ್ಧವಿಮಾನಗಳಲ್ಲಿ ಇಂಟರ್‌ಕೂಲರ್ ಬಿಡಲಾಗದ ಅಂಗವಾಗಿತ್ತು.

ಅಳತೆ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಆ ಕಾಲದ ಲಾಕ್‌ಹೀಡ್ ಪಿ-38 ಲೈಟ್ನಿಂಗ್ ವಿಮಾನದಷ್ಟು ಚೆನ್ನಾಗಿ ತೋರಿಸುವ ಇನ್ನೊಂದು ಯಂತ್ರವಿಲ್ಲ. ಅದರ ಮೊದಲ ವಿನ್ಯಾಸಕಾರರು ರೆಕ್ಕೆಯ ಮುಂಚೂಣಿಯ ಅಂಚನ್ನೇ ಟೊಳ್ಳಾಗಿಸಿ ಅದರೊಳಗೆ ಟರ್ಬೊ ಗಾಳಿ ಹರಿಯುವಂತೆ ಮಾಡಿದ್ದರು. ರೆಕ್ಕೆಯ ಚರ್ಮಕ್ಕೆ ಹೊರಗಿನ ತಣ್ಣನೆ ಗಾಳಿ ಬಡಿಯುತ್ತದೆ, ಒಳಗಿನ ಗಾಳಿ ತಣಿಯುತ್ತದೆ; ಬೇರೆ ಪೆಟ್ಟಿಗೆ ಬೇಡ, ಗಾಳಿಗೆ ಅಡ್ಡಿಯೂ ಇಲ್ಲ. ಸುಮಾರು 1000 ಅಶ್ವಶಕ್ತಿಯ ಎಂಜಿನ್ನಿಗೆ ಇದು ಸಾಕಾಗಿತ್ತು. ಎಂಜಿನ್ 1400 ದಾಟಿದಾಗ ರೆಕ್ಕೆಯ ಅಂಚು ಬೆಳೆಯಲಿಲ್ಲ. ಎಂಜಿನ್ ಕೊಡಬಲ್ಲ ಶಕ್ತಿಯನ್ನು ಪೈಲಟ್ ಎತ್ತರದಲ್ಲಿ ಪೂರ್ತಿ ಬಳಸುವಂತಿರಲಿಲ್ಲ. ಬಳಸಿದರೆ ಗಾಳಿ ಬಿಸಿಯಾಗಿ ಎಂಜಿನ್ ನಾಕಿಂಗಿಗೆ, ಎಂದರೆ ಇಂಧನ ತಾನಾಗಿ ಸಿಡಿಯುವ ತೊಂದರೆಗೆ, ಸಿಕ್ಕಿ ಹಾಳಾಗುತ್ತಿತ್ತು. 1943ರ ಪಿ-38ಜೆ ಮಾದರಿಯಲ್ಲಿ ಆ ವಿನ್ಯಾಸ ಬಿಟ್ಟು, ಎಂಜಿನ್ನಿನ ಗಲ್ಲದ ಕೆಳಗೆ ಆಯಿಲ್ ಕೂಲರುಗಳ ನಡುವೆ ದೊಡ್ಡ ಜಾಲರಿ ಇಂಟರ್‌ಕೂಲರ್ ಕೂರಿಸಿದರು. ಶಕ್ತಿಯ ತಡೆ ಹೋಯಿತು. ಆದರೆ ಉತ್ತರ ಯೂರೋಪಿನ ಚಳಿಯ ಎತ್ತರದಲ್ಲಿ ಅದೇ ದೊಡ್ಡ ಇಂಟರ್‌ಕೂಲರ್ ಗಾಳಿಯನ್ನು ಅಗತ್ಯಕ್ಕಿಂತ ತಣ್ಣಗಾಗಿಸಿ ಎಂಜಿನ್ನಿಗೆ ಹೊಸ ತೊಂದರೆ ತಂದಿತು. ಒಂದೇ ವಿಮಾನ, ಎರಡು ವರ್ಷದೊಳಗೆ, ಚಿಕ್ಕದು ಮಾಡುವ ಕೇಡನ್ನೂ ದೊಡ್ಡದು ಮಾಡುವ ಕೇಡನ್ನೂ ಅನುಭವಿಸಿತು. ಇಂದು ದೊಡ್ಡದಾದಷ್ಟೂ ಒಳ್ಳೆಯದು ಎಂದು ನಂಬಿ ಬಂಪರ್ ಕತ್ತರಿಸಿ ಇಂಟರ್‌ಕೂಲರ್ ತುರುಕಿಸುವವರು ತಿಳಿದಿರಬೇಕಾದ ಕತೆ ಇದು.

ಕರ್ನಾಟಕದ ನೆಲಕ್ಕೆ ಇಂಟರ್‌ಕೂಲರ್ ಬಂದದ್ದೂ ವಿಮಾನಗಳ ಜೊತೆಗೇ. ವಾಲ್‌ಚಂದ್ ಹಿರಾಚಂದ್ ಮೈಸೂರು ಸರ್ಕಾರದ ಬೆಂಬಲದಿಂದ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಸ್ಥಾಪಿಸಿದರು. 1943ರಲ್ಲಿ ಅದು ಅಮೆರಿಕದ ವಾಯುಪಡೆಯ ದುರಸ್ತಿ ಕೇಂದ್ರವಾಯಿತು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಬಿ-24 ಲಿಬರೇಟರ್ ಬಾಂಬರುಗಳನ್ನು 1948ರಲ್ಲಿ ಪೈಲಟ್ ಜಮ್‌ಶೆಡ್ ಮುನ್ಶಿ ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿನ ಕೆಲಸಗಾರರು ಅವುಗಳನ್ನು ಮತ್ತೆ ಹಾರುವ ಸ್ಥಿತಿಗೆ ತಂದು ಭಾರತೀಯ ವಾಯುಪಡೆಗೆ ಒಪ್ಪಿಸಿದರು. ಲಿಬರೇಟರಿನ ಎಂಜಿನ್ ಕವಚ ಗುಂಡಗಿಲ್ಲ, ಅಡ್ಡಕ್ಕೆ ಉಬ್ಬಿದ ಮೊಟ್ಟೆಯಾಕಾರ. ದುಂಡು ಎಂಜಿನ್ನಿನ ಇಬ್ಬದಿಗೆ ಇಂಟರ್‌ಕೂಲರಿಗೂ ಆಯಿಲ್ ಕೂಲರಿಗೂ ಗಾಳಿ ಒಯ್ಯುವ ದಾರಿಗೆ ಜಾಗ ಬೇಕಾದ್ದರಿಂದ ಆ ಆಕಾರ. ತಣಿಸುವ ಜಾಲರಿಗೆ ಎಷ್ಟು ಜಾಗ ಕೊಡಬೇಕು ಎಂಬುದು ವಿಮಾನದ ಮುಖವನ್ನೇ ತಿದ್ದಿತ್ತು. ಆ ವಿಮಾನಗಳು 1968ರವರೆಗೆ ಸೇವೆಯಲ್ಲಿದ್ದವು.

ಬಳ್ಳಾರಿಯ ಹತ್ತಿರಕ್ಕೆ ಈ ವಿದ್ಯೆ ಬಂದದ್ದು ರೈಲು ಹಳಿಯ ಮೇಲೆ. 1962ರಲ್ಲಿ ಅಮೆರಿಕದ ಆಲ್ಕೊ ಕಂಪನಿಯಿಂದ ಬಂದ, 1964ರಿಂದ ವಾರಾಣಸಿಯಲ್ಲಿ ತಯಾರಾಗತೊಡಗಿದ ಡಬ್ಲ್ಯುಡಿಎಂ-2 ಡೀಸೆಲ್ ಇಂಜಿನ್ 16 ಸಿಲಿಂಡರಿನದು, 2600 ಅಶ್ವಶಕ್ತಿಯದು, ಟರ್ಬೊ ಇದ್ದದ್ದು. ಗುಂತಕಲ್ಲಿನ ಪಕ್ಕದ ಗುತ್ತಿಯಲ್ಲಿ 1963ರಲ್ಲಿ ಡೀಸೆಲ್ ಷೆಡ್ ಶುರುವಾಯಿತು. ರೈಲ್ವೆಯ ಫಿಟ್ಟರುಗಳ ಬಾಯಲ್ಲಿ ಇಂಟರ್‌ಕೂಲರಿನ ಹೆಸರು ಆಫ್ಟರ್‌ಕೂಲರ್. ಟರ್ಬೊ ಆದ ಮೇಲೆ ಬರುವುದು ಎಂಬ ಅರ್ಥದಲ್ಲಿ. ಆಲ್ಕೊ ಎಂಜಿನ್ನಿನಲ್ಲಿ ಅದು ನೀರಿನಿಂದ ತಣಿಯುವಂಥದು. ಹೊರಗಿನ ಗಾಳಿಯ ಜಾಲರಿ ಅಲ್ಲ. ಎಂಜಿನ್ನಿನ ಕೂಲಿಂಗ್ ನೀರು ಕೊಳವೆಗಳೊಳಗೆ ಹರಿಯುತ್ತದೆ, ಟರ್ಬೊ ಗಾಳಿ ಅದರ ಸುತ್ತ ಹಾಯುತ್ತದೆ. ಈ ಏರ್ಪಾಡಿಗೆ ಒಂದು ಕಟ್ಟುಪಾಡಿದೆ: ನೀರು ಎಷ್ಟು ಬಿಸಿಯೋ ಗಾಳಿ ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ.

1990ರ ದಶಕದಲ್ಲಿ ಇದೇ ಎಂಜಿನ್ನನ್ನು 3100 ಅಶ್ವಶಕ್ತಿಗೆ ಏರಿಸುವ ಕೆಲಸ ನಡೆಯಿತು. ಹಾಗೆ ಬಂದ ಇಂಜಿನ್ನುಗಳೇ ಮುಂದೆ ಡಬ್ಲ್ಯುಡಿಎಂ-3ಎ ಎನಿಸಿಕೊಂಡವು. ಶಕ್ತಿ ಏರಿದ್ದು ಹೊಸ ಟರ್ಬೊ ಒಂದರಿಂದಲೇ ಅಲ್ಲ. ಹೆಚ್ಚು ಇಂಧನ ಕೊಡುವ 17 ಮಿಲಿಮೀಟರಿನ ಪಂಪು, ಗಟ್ಟಿ ಕ್ಯಾಮ್‌ಶಾಫ್ಟ್, ಉಕ್ಕಿನ ತಲೆಯ ಪಿಸ್ಟನ್ ಮತ್ತು ಇವುಗಳ ಜೊತೆಗೆ ಲಾರ್ಜ್ ಆಫ್ಟರ್‌ಕೂಲರ್ ಎಂದೇ ಹೆಸರಾದ ದೊಡ್ಡ ತಣಿಸುವ ಪೆಟ್ಟಿಗೆ ಸೇರಿದವು. ಗಾಳಿ ಹೆಚ್ಚಿದ್ದಕ್ಕೆ ತಕ್ಕಂತೆ ತಣಿಸುವ ಮೈ ಹೆಚ್ಚಿಸಿದರು, ಅದಕ್ಕೆ ತಕ್ಕಂತೆ ಇಂಧನ ಹೆಚ್ಚಿಸಿದರು, ಅದನ್ನು ತಾಳುವಂತೆ ಪಿಸ್ಟನ್ ಬದಲಿಸಿದರು. ಒಂದನ್ನು ಬಿಟ್ಟು ಇನ್ನೊಂದು ಮಾಡಲಿಲ್ಲ. ಈ ಸೀಮೆಯ ರೈಲು ಹಳಿಗಳ ಮೇಲೆ ಅದಿರಿನ ರೇಕುಗಳನ್ನು ಎಳೆದ ಇಂಜಿನ್ನುಗಳ ಒಳಗೆ ಅಡಗಿದ್ದ ಈ ಪಾಠ, ಕಾರಿನ ಗ್ಯಾರೇಜಿಗೆ ಹತ್ತಿಪ್ಪತ್ತು ವರ್ಷ ತಡವಾಗಿ ತಲುಪಿತು.

ರಸ್ತೆಯ ಮೇಲೆ ಕತೆ ಬೇರೆ ದಾರಿ ಹಿಡಿಯಿತು. ಟಾಟಾ 1210 ಲಾರಿಗೆ ಟರ್ಬೊ ಇರಲಿಲ್ಲ. ಹೆಸರಿನ ಮೊದಲ ಎರಡು ಅಂಕಿ ಒಟ್ಟು ತೂಕವನ್ನು ಟನ್ನಿನಲ್ಲೂ, ಉಳಿದೆರಡು ಅಂಕಿ ಶಕ್ತಿಯನ್ನು ಹತ್ತರ ಲೆಕ್ಕದಲ್ಲೂ ಹೇಳುತ್ತವೆ. ಮುಂದೆ 1613 ಟಿಸಿ ಬಂದಾಗ ಆ ಟಿಸಿ ಎಂದರೆ ಟರ್ಬೊಚಾರ್ಜ್ಡ್ ಎಂದು ಡ್ರೈವರ್‌ಗಳು ಕಲಿತರು. ಅದರ ಹಿಂದೆಯೇ ಐಸಿ ಎಂಬ ಎರಡು ಅಕ್ಷರ ಸೇರಿ ಟಿಸಿಐಸಿ ಆಯಿತು, ಎಂದರೆ ಟರ್ಬೊ ಜೊತೆಗೆ ಇಂಟರ್‌ಕೂಲರ್. ಟಾಟಾದ 697 ಟಿಸಿಐಸಿ ಎಂಜಿನ್ನಿನ ಹೆಸರಲ್ಲೇ ಅದರ ಜಾತಕವಿದೆ: 6 ಸಿಲಿಂಡರ್, 97 ಮಿಲಿಮೀಟರ್ ಬೋರ್. 1993ರಲ್ಲಿ ಟಾಟಾ ಮತ್ತು ಕಮಿನ್ಸ್ ಕೂಡಿ ಜಮ್‌ಶೆಡ್‌ಪುರದಲ್ಲಿ ಬಿ ಸರಣಿಯ 5.9 ಲೀಟರ್ ಎಂಜಿನ್ ತಯಾರಿಸಲು ಕಂಪನಿ ಕಟ್ಟಿದವು.

ಲಾರಿಗಳಿಗೆ ಇಂಟರ್‌ಕೂಲರ್ ಬರಲು ಎಳೆತದ ಆಸೆಗಿಂತ ಹೊಗೆಯ ಕಾನೂನು ದೊಡ್ಡ ಕಾರಣ. ಭಾರತದಲ್ಲಿ ಡೀಸೆಲ್ ಗಾಡಿಗಳ ಹೊಗೆಯ ಮಿತಿ 1992ರಲ್ಲಿ ಬಂತು, 1996ರಲ್ಲಿ ಬಿಗಿಯಾಯಿತು, 2000ದಲ್ಲಿ ಇಂಡಿಯಾ 2000 ಎಂಬ ಹೆಸರಿನಲ್ಲಿ ಮತ್ತೆ ಬಿಗಿಯಾಯಿತು. ಭಾರತ್ ಸ್ಟೇಜ್ 3 ದೇಶಕ್ಕೆಲ್ಲ 2010ರಲ್ಲಿ, ಸ್ಟೇಜ್ 4 2017ರ ಏಪ್ರಿಲಿನಲ್ಲಿ, ಸ್ಟೇಜ್ 6 2020ರ ಏಪ್ರಿಲಿನಲ್ಲಿ ಜಾರಿಯಾದವು. ಸಿಲಿಂಡರಿಗೆ ಹೋಗುವ ಗಾಳಿ ಬಿಸಿ ಇದ್ದಷ್ಟೂ ಉರಿಯ ತಾಪ ಏರುತ್ತದೆ, ತಾಪ ಏರಿದಷ್ಟೂ ನೈಟ್ರೋಜನ್ ಆಕ್ಸೈಡುಗಳು ಹೆಚ್ಚುತ್ತವೆ. ಗಾಳಿ ಸಾಲದಿದ್ದರೆ ಕರಿ ಹೊಗೆ. ಗಾಳಿಯನ್ನು ತಣ್ಣಗೂ ದಟ್ಟವಾಗಿಯೂ ಕೊಟ್ಟರೆ ಎರಡೂ ಇಳಿಯುತ್ತವೆ. ಎಂಜಿನ್ ತಯಾರಕರಿಗೆ ಇಂಟರ್‌ಕೂಲರ್ ಹೀಗೆ ಕಾನೂನಿನ ಕಡೆಯಿಂದ ಅನಿವಾರ್ಯವಾಯಿತು.

2003ರ ಆಸುಪಾಸಿನಿಂದ ಚೀನಾದ ಬೇಡಿಕೆ ಏರಿ ಸಂಡೂರು, ಹೊಸಪೇಟೆ, ಬಳ್ಳಾರಿಯ ಕಬ್ಬಿಣದ ಅದಿರು ಲಾರಿಗಳ ಮೇಲೆ ಬೇಲೇಕೇರಿ, ಕೃಷ್ಣಪಟ್ಟಣ, ಚೆನ್ನೈ ಬಂದರುಗಳ ಕಡೆಗೆ ಹರಿಯತೊಡಗಿತು. ಆಗ 63 ಎಂದು ಕರೆಯುತ್ತಿದ್ದ ಅಂಕೋಲಾ–ಗುತ್ತಿ ಹೆದ್ದಾರಿಯ ಮೇಲೆ ಹತ್ತು ಗಾಲಿಯ ಟಿಪ್ಪರುಗಳ ಸಾಲು ಹಗಲೂ ರಾತ್ರಿ ನಿಲ್ಲದಂತಾಯಿತು. ಆ ವರ್ಷಗಳು ಈ ಜಿಲ್ಲೆಗೆ ಮಾಡಿದ ಗಾಯ ದೊಡ್ಡದು. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತು ನಿಲ್ಲಿಸಿತು. ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ವರದಿ 2011ರ ಜುಲೈಯಲ್ಲಿ ಬಂತು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು.

ಗ್ಯಾರೇಜುಗಳ ಚರಿತ್ರೆಯ ದೃಷ್ಟಿಯಿಂದ ಆ ಅವಧಿ ಒಂದು ಶಾಲೆ. ಮಿತಿಮೀರಿದ ಲೋಡು, ಧೂಳು, ಬಿಸಿಲು ಮೂರೂ ಕೂಡಿ ಇಂಟರ್‌ಕೂಲರಿನ ಜಾಲರಿಯನ್ನು ಹೇಗೆ ಸೋಲಿಸುತ್ತವೆ ಎಂದು ಕಲಿಸಿದ ಶಾಲೆ. ಅದಿರಿನ ಕೆಂಪು ಧೂಳು ಬಲು ನುಣುಪು. ಜಾಲರಿಯ ಹೊರಮೈಗೆ ಆಯಿಲಿನ ತೇವ ಸ್ವಲ್ಪ ಇದ್ದರೆ ಸಾಕು, ಧೂಳು ಅಂಟಿ ಕೆಸರಾಗಿ ಜಾಲರಿಯ ರೆಕ್ಕೆಗಳ, ಎಂದರೆ ತೆಳು ತಗಡಿನ ಫಿನ್‌ಗಳ, ನಡುವಿನ ಸಂದು ಮುಚ್ಚುತ್ತದೆ. ಎದುರಿನಿಂದ ನೋಡಿದರೆ ಜಾಲರಿ ಚೊಕ್ಕ ಕಾಣಬಹುದು. ಹಿಂದೆ ಬೆಳಕು ಹಿಡಿದರೆ ಆಚೆಗೆ ಬೆಳಕು ತೂರುವುದಿಲ್ಲ. ಗಾಡಿ ಎಳೆಯುತ್ತಿಲ್ಲ, ಹೊಗೆ ಜಾಸ್ತಿ, ಪಿಕಪ್ ಇಲ್ಲ ಎಂದು ಬಂದ ಲಾರಿಗೆ ಅಂಥಲ್ಲಿ ಪಂಪು ಬಿಚ್ಚುವುದೂ ಬೇಡ, ಟರ್ಬೊ ಬದಲಿಸುವುದೂ ಬೇಡ. ರೇಡಿಯೇಟರ್ ಕಡೆಯಿಂದ ಮುಂದಕ್ಕೆ, ಎಂದರೆ ಧೂಳು ಹೊಕ್ಕ ದಿಕ್ಕಿಗೆ ವಿರುದ್ಧವಾಗಿ, ಗಾಳಿ ಹೊಡೆದು ತೊಳೆದರೆ ಅರ್ಧ ರೋಗ ಹೋಗುತ್ತದೆ. ಉಳಿದರ್ಧ ಹೋಸ್ ಪೈಪಿನ ಸೀಳು ಮತ್ತು ಸಡಿಲ ಕ್ಲಾಂಪುಗಳಲ್ಲಿರುತ್ತದೆ.

ತುಂಗಭದ್ರೆಯ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಸಿರುಗುಪ್ಪ, ಹಚ್ಚೊಳ್ಳಿ ಕಡೆ ಜಾಲರಿಯ ವೈರಿ ಬೇರೆ. ಕೊಯ್ಲಿನ ಕಾಲದಲ್ಲಿ ಕಟಾವು ಯಂತ್ರ ಎಬ್ಬಿಸುವ ಹೊಟ್ಟು, ರಾಶಿ ತೂರುವಾಗ ಹಾರುವ ಸುಂಕು, ರಸ್ತೆಯ ಮೇಲೆ ಒಣಹಾಕಿದ ಭತ್ತದ ಮೇಲೆ ಹಾದ ಗಾಡಿಗಳು ಎಬ್ಬಿಸುವ ಧೂಳು ನೇರ ಗ್ರಿಲ್ಲಿಗೆ ಬಂದು ಕೂಡುತ್ತವೆ. ಒಂದು ಇಂಚಿಗೆ ಹೆಚ್ಚು ರೆಕ್ಕೆಗಳಿರುವ ಒತ್ತು ಜಾಲರಿ ಕಾಗದದ ಮೇಲೆ ಹೆಚ್ಚು ತಣಿಸುತ್ತದೆ, ಇಲ್ಲಿ ಬೇಗ ಮುಚ್ಚಿಕೊಳ್ಳುತ್ತದೆ. ಸ್ವಲ್ಪ ಬಿಡಿಬಿಡಿ ರೆಕ್ಕೆಯ, ಅಗಲವಾದ ಜಾಲರಿಯೇ ಈ ಸೀಮೆಗೆ ಮೇಲು.

ಕಾರುಗಳಲ್ಲಿ ಟರ್ಬೊ 1962ರಲ್ಲೇ ಅಮೆರಿಕದಲ್ಲಿ ಬಂದಿತ್ತು. ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಎಂಬ ಕಾರಿಗೆ ಇಂಟರ್‌ಕೂಲರ್ ಇರಲಿಲ್ಲ. ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಗಾಳಿಗೆ ಸಿಂಪಡಿಸಿ ಬಿಸಿ ತಡೆಯುತ್ತಿದ್ದರು. ಆ ದ್ರವ ತುಂಬಿಸುವುದನ್ನು ಮಾಲೀಕರು ಮರೆಯುತ್ತಿದ್ದರಿಂದ ಏರ್ಪಾಡು ಬಾಳಲಿಲ್ಲ. 1975ರ ಪೋರ್ಷೆ 911 ಟರ್ಬೊ ಇಂಟರ್‌ಕೂಲರ್ ಇಲ್ಲದೆ 260 ಪಿಎಸ್ ಕೊಡುತ್ತಿತ್ತು. 1978ರಲ್ಲಿ ಎಂಜಿನ್ 3.3 ಲೀಟರಿಗೆ ಬೆಳೆದು, ಹಿಂಬದಿಯ ರೆಕ್ಕೆಯ ಕೆಳಗೆ ಇಂಟರ್‌ಕೂಲರ್ ಕೂತು 300ಕ್ಕೆ ಏರಿತು. ಅದಕ್ಕೆ ಜಾಗ ಮಾಡಲು ಆ ಹೆಸರಾಂತ ರೆಕ್ಕೆಯ ಆಕಾರವನ್ನೇ ಬದಲಿಸಬೇಕಾಯಿತು.

ಬಳ್ಳಾರಿ ಸೀಮೆಗೆ ಟರ್ಬೊ ಕಾರು ಬಂದದ್ದು ಡೀಸೆಲ್ ಗಾಡಿಯಾಗಿ. 1994ರ ಟಾಟಾ ಸುಮೊ ಟರ್ಬೊ ಇಲ್ಲದೆ ಬಂತು. 1998ರ ಸಫಾರಿಯಲ್ಲಿ 2 ಲೀಟರಿನ ಟರ್ಬೊ ಎಂಜಿನ್ ಇಂಟರ್‌ಕೂಲರ್ ಸಮೇತ ಇತ್ತು. 2002ರ ಮಹೀಂದ್ರ ಸ್ಕಾರ್ಪಿಯೊ ಬಾನೆಟ್ಟಿನ ಮೇಲೆ ಎತ್ತಿದ ಬಾಯೊಂದನ್ನು ಹೊತ್ತು ಬಂತು. ಅದು ಅಲಂಕಾರಕ್ಕಲ್ಲ, ಎಂಜಿನ್ನಿನ ತಲೆಯ ಮೇಲೆ ಮಲಗಿಸಿದ ಇಂಟರ್‌ಕೂಲರಿಗೆ ಗಾಳಿ ಕೊಡುವ ಬಾಯಿ. 2009ರ ಫಾರ್ಚುನರ್ 3 ಲೀಟರಿನದೂ ಅದೇ ಏರ್ಪಾಡು. ಹೀಗೆ ಮೇಲೆ ಕೂರಿಸುವುದರಲ್ಲಿ ಲಾಭವೂ ಇದೆ ನಷ್ಟವೂ ಇದೆ. ಪೈಪು ಗಿಡ್ಡ, ಆದ್ದರಿಂದ ಆಕ್ಸಿಲರೇಟರ್ ತುಳಿದ ಕೂಡಲೆ ಎಳೆತ ಸಿಗುತ್ತದೆ, ರೇಡಿಯೇಟರಿಗೆ ಅಡ್ಡಿಯಿಲ್ಲ. ಆದರೆ ಬಳ್ಳಾರಿಯ ರೈಲ್ವೆ ಗೇಟಿನಲ್ಲಿ ಮಧ್ಯಾಹ್ನ ಎಂಜಿನ್ ಓಡುತ್ತಿರುವಂತೆ ಗಾಡಿ ನಿಂತರೆ ಕೆಳಗಿನ ಎಂಜಿನ್ನಿನ ಶಾಖವನ್ನೆಲ್ಲ ಅದೇ ಹೀರಿಕೊಂಡು ತಣಿಸುವುದರ ಬದಲು ಕಾಯಿಸುವ ಪೆಟ್ಟಿಗೆಯಾಗುತ್ತದೆ. ಗಾಡಿ ಮತ್ತೆ ವೇಗ ಹಿಡಿದು ಸ್ವಲ್ಪ ದೂರ ಓಡಿದ ಮೇಲೆಯೇ ಅದು ಹದಕ್ಕೆ ಬರುವುದು.

ಬಾಡಿಗೆ ಗಾಡಿಗಳ ಲೋಕದಲ್ಲಿ ಬಹುದೊಡ್ಡ ಹೆಸರು ಇನ್ನೋವಾ. 2005ರಲ್ಲಿ ಬಂದ ಅದರ 2.5 ಲೀಟರ್ ಡೀಸೆಲ್ ಎಂಜಿನ್ 102 ಪಿಎಸ್‌ನದು. ಟರ್ಬೊ ಇತ್ತು, ಇಂಟರ್‌ಕೂಲರ್ ಇರಲಿಲ್ಲ. 2016ರ ಕ್ರಿಸ್ಟಾದ 2.4 ಲೀಟರ್ ಎಂಜಿನ್ ಇಂಟರ್‌ಕೂಲರ್ ಸಮೇತ 150 ಪಿಎಸ್ ಕೊಟ್ಟಿತು. ಹಳೆಯ ಇನ್ನೋವಾಕ್ಕೆ ಹೊರಗಿನ ಇಂಟರ್‌ಕೂಲರ್ ಹಾಕಿಸುವ ರೂಢಿ ಈ ನಡುವೆ ಬೆಳೆಯಿತು. ಹಾಗೆ ಹಾಕಿಸಿದವರಲ್ಲಿ ಹಲವರಿಗೆ ನಿರಾಸೆ ಕಾದಿತ್ತು; ಅದರ ಕಾರಣ ಅಳತೆ ಆರಿಸುವ ಎಲ್ಲರಿಗೂ ಬೇಕಾದದ್ದು. ಡೀಸೆಲ್ ಎಂಜಿನ್ನಿನ ಶಕ್ತಿಯನ್ನು ತೀರ್ಮಾನಿಸುವುದು ಒಳಹೋಗುವ ಇಂಧನ. ಕಂಪ್ಯೂಟರ್ ಮೊದಲಿನಷ್ಟೇ ಇಂಧನ ಕೊಡುತ್ತಿದ್ದರೆ ಗಾಳಿ ತಣ್ಣಗಾದ ಮಾತ್ರಕ್ಕೆ ಶಕ್ತಿ ಹೆಚ್ಚು ಏರುವುದಿಲ್ಲ. ಹೊಗೆ ಕಡಿಮೆಯಾಗುತ್ತದೆ, ಎಕ್ಸಾಸ್ಟಿನ ತಾಪ ಇಳಿಯುತ್ತದೆ, ಎಂಜಿನ್ನಿನ ಆಯುಷ್ಯಕ್ಕೆ ಅದು ಒಳ್ಳೆಯದು. ಎಳೆತ ಮಾತ್ರ ಹೆಚ್ಚುಕಡಿಮೆ ಅಲ್ಲೇ. ಪೈಪು ಉದ್ದವಾದ್ದರಿಂದ ಕೆಳಗಿನ ಆರ್‌ಪಿಎಮ್ಮಿನಲ್ಲಿ ಮಂದವಾದಂತೆಯೂ ಅನಿಸಬಹುದು.

ಪೆಟ್ರೋಲಿನಲ್ಲಿ ನ್ಯಾಯ ಬೇರೆ. 2004ರ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ 1.8 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್ ತಂದಿತು. ಅದರ ಇಂಟರ್‌ಕೂಲರ್ ಚಿಕ್ಕದು, ಮುಂಚಕ್ರದ ಮುಂದೆ ಒಂದು ಮೂಲೆಯಲ್ಲಿ ಕೂತದ್ದು. 2013ರ ಈಕೋಸ್ಪೋರ್ಟ್ ಮತ್ತು ಪೋಲೊ ಜಿಟಿ, 2017ರ ನೆಕ್ಸಾನ್ ಮತ್ತು ಬಲೇನೊ ಆರ್‌ಎಸ್, 2019ರ ವೆನ್ಯೂ ಬಂದ ಮೇಲೆ ಕೆಎ-34 ನಂಬರಿನ ಸಣ್ಣ ಕಾರುಗಳಲ್ಲೂ ಪೆಟ್ರೋಲ್ ಟರ್ಬೊ ಸಾಮಾನ್ಯವಾಯಿತು. ಪೆಟ್ರೋಲ್ ಎಂಜಿನ್ನಿಗೆ ಬಿಸಿ ಗಾಳಿ ಹೋದರೆ ಸ್ಪಾರ್ಕ್ ಆದ ಮೇಲೆ ಇನ್ನೂ ಉರಿಯದೆ ಉಳಿದ ಇಂಧನ ತಾನಾಗಿ ಸಿಡಿಯುತ್ತದೆ, ಅದೇ ನಾಕಿಂಗ್. ಕಂಪ್ಯೂಟರ್ ಅದನ್ನು ಕೇಳಿಸಿಕೊಂಡು ಸ್ಪಾರ್ಕನ್ನು ಹಿಂದಕ್ಕೆ ತಳ್ಳುತ್ತದೆ, ಶಕ್ತಿ ಇಳಿಯುತ್ತದೆ. ಬೆಳಿಗ್ಗೆ ಚುರುಕಾಗಿದ್ದ ಕಾರು ಮಧ್ಯಾಹ್ನ ಭಾರವೆನಿಸುವುದು ಚಾಲಕನ ಭ್ರಮೆಯಲ್ಲ. ಪೆಟ್ರೋಲ್ ಕಾರಿನಲ್ಲಿ ಇಂಟರ್‌ಕೂಲರಿನ ಅಳತೆ ನೇರವಾಗಿ ಎಳೆತವಾಗಿ ಕಾಣಿಸುತ್ತದೆ. ಆದ್ದರಿಂದಲೇ ಬೆಂಗಳೂರಿನ ಟ್ಯೂನಿಂಗ್ ಅಂಗಡಿಗಳಲ್ಲಿ ಇದರ ಮಾತು ಮೊದಲು ಬೆಳೆದದ್ದು ಇಂಥ ಕಾರುಗಳ ಸುತ್ತ.

ಹಾಗಾದರೆ ಅಳತೆ ಹೇಗೆ ಕಟ್ಟುವುದು? 2 ಲೀಟರಿನ ಎಂಜಿನ್ ಒಂದನ್ನು ಲೆಕ್ಕಕ್ಕೆ ಹಿಡಿದರೆ ಸಾಕು. 1 ಬಾರ್ ಬೂಸ್ಟಿನಲ್ಲಿ, 4000 ಆರ್‌ಪಿಎಮ್ಮಿನಲ್ಲಿ, ಅದು ಸೆಕೆಂಡಿಗೆ ಸುಮಾರು 110 ಗ್ರಾಂ ಗಾಳಿ ನುಂಗುತ್ತದೆ. ಆ ಗಾಳಿ 142 ಡಿಗ್ರಿಯಲ್ಲಿ ಬಂದು 71ಕ್ಕೆ ಇಳಿಯಬೇಕಾದರೆ ಜಾಲರಿ ಸುಮಾರು 8 ಕಿಲೋವಾಟ್ ಶಾಖ ಹೊರಹಾಕಬೇಕು. ಹೊರಗಿನ ಗಾಳಿ 40 ಡಿಗ್ರಿ ಇರುವಾಗ 142ರಿಂದ 71ಕ್ಕೆ ಇಳಿಸಿದ್ದು ಎಂದರೆ ಇಳಿಸಬಹುದಾದ 102 ಡಿಗ್ರಿಯಲ್ಲಿ ನೂರಕ್ಕೆ 70 ಪಾಲು ಇಳಿಸಿದಂತೆ. ಅಷ್ಟಕ್ಕೇ ಗಾಳಿಯ ದಟ್ಟಣೆ ಶೇಕಡಾ 20ರಷ್ಟು ಏರುತ್ತದೆ. ಈಗ ಇನ್ನೂ ದೊಡ್ಡ ಜಾಲರಿ ಹಾಕಿ ನೂರಕ್ಕೆ 80 ಪಾಲು ಇಳಿಸಿದರೆ ಗಾಳಿ 60 ಡಿಗ್ರಿಗೆ ಬರುತ್ತದೆ, ದಟ್ಟಣೆ ಮತ್ತೆ ಏರುವುದು ಶೇಕಡಾ 3 ಮಾತ್ರ. ಆ ಜಾಲರಿ ಇಕ್ಕಟ್ಟಿನ ಕೊಳವೆಗಳದಾಗಿದ್ದು ಒತ್ತಡದಲ್ಲಿ 0.1 ಬಾರ್ ಹೆಚ್ಚು ಕಳೆದರೆ ಶೇಕಡಾ 5 ಹೋಯಿತು. ಗಳಿಸಿದ್ದಕ್ಕಿಂತ ಕಳೆದದ್ದೇ ಹೆಚ್ಚು. ಇಡೀ ಆಯ್ಕೆಯ ತಿರುಳು ಈ ಎರಡು ಸಂಖ್ಯೆಗಳ ಜಗ್ಗಾಟದಲ್ಲಿದೆ: ತಾಪ ಎಷ್ಟು ಇಳಿಯಿತು, ಒತ್ತಡ ಎಷ್ಟು ಕಳೆಯಿತು.

ಗಾತ್ರಕ್ಕೆ ಇನ್ನೊಂದು ಬೆಲೆಯೂ ಇದೆ. ಟರ್ಬೊದಿಂದ ಎಂಜಿನ್‌ವರೆಗಿನ ಪೈಪು ಮತ್ತು ಜಾಲರಿಯ ಒಳಜಾಗವನ್ನೆಲ್ಲ ಒತ್ತಡದಿಂದ ತುಂಬಿಸಿದ ಮೇಲೆಯೇ ಬೂಸ್ಟ್ ಸಿಗುವುದು. ಮೇಲಿನ ಎಂಜಿನ್ 4000 ಆರ್‌ಪಿಎಮ್ಮಿನಲ್ಲಿ ಸೆಕೆಂಡಿಗೆ 60 ಲೀಟರ್ ಗಾಳಿ ಸಾಗಿಸುತ್ತದೆ. 10 ಲೀಟರ್ ಒಳಜಾಗ ಹೆಚ್ಚಾದರೆ ಗೊತ್ತಾಗುವುದೇ ಕಷ್ಟ. 1500ರಲ್ಲಿ ಅದು ಸಾಗಿಸುವುದು 22 ಲೀಟರ್ ಮಾತ್ರ. ಆಗ ಅದೇ 10 ಲೀಟರ್ ಹೆಚ್ಚುಕಡಿಮೆ ಅರ್ಧ ಸೆಕೆಂಡಿನ ತಡ. ಟ್ರ್ಯಾಕಿನಲ್ಲಿ ಓಡುವ ಕಾರಿಗೆ ಇದು ಲೆಕ್ಕಕ್ಕಿಲ್ಲ. ಎತ್ತಿನ ಗಾಡಿ, ಟ್ರ್ಯಾಕ್ಟರ್, ಕ್ರೂಸರ್ ಮೂರನ್ನೂ ದಾಟಿ ಹೋಗಬೇಕಾದ ಸಿರುಗುಪ್ಪ ರಸ್ತೆಯ ಕಾರಿಗೆ ಆ ಅರ್ಧ ಸೆಕೆಂಡು ಸಣ್ಣದಲ್ಲ.

ಆಕಾರದ ವಿಷಯದಲ್ಲಿ ಅಗಲ ದಪ್ಪಕ್ಕಿಂತ ಮೇಲು. ದಪ್ಪ ಜಾಲರಿಯ ಮುಂದಿನ ಅರ್ಧವನ್ನು ದಾಟಿದ ಗಾಳಿ ಆಗಲೇ ಬಿಸಿಯಾಗಿರುತ್ತದೆ. ಹಿಂದಿನ ಅರ್ಧ ಅದರಿಂದ ಹೆಚ್ಚು ಪಡೆಯಲಾರದು. ಅದೇ ಬಿಸಿ ಗಾಳಿ ಮುಂದೆ ಏಸಿಯ ಕಂಡೆನ್ಸರಿಗೋ ರೇಡಿಯೇಟರಿಗೋ ಹೋಗುತ್ತದೆ. ಗ್ರಿಲ್ಲಿನ ಹಿಂದೆ ಒಂದರ ಬೆನ್ನಿಗೆ ಒಂದು ನಿಂತ ಈ ಮೂರು ಜಾಲರಿಗಳಲ್ಲಿ ಒಂದು ದಪ್ಪವಾದರೆ ಉಳಿದೆರಡಕ್ಕೂ ಉಸಿರು ಕಟ್ಟುತ್ತದೆ. ಇಂಟರ್‌ಕೂಲರ್ ದೊಡ್ಡದು ಮಾಡಿಸಿದ ಕಾರು ಮೇ ತಿಂಗಳಲ್ಲಿ ಏಸಿ ಹಾಕಿದ ಕೂಡಲೆ ಹೀಟ್ ಆಗತೊಡಗಿದರೆ ತಪ್ಪು ರೇಡಿಯೇಟರಿನದಲ್ಲ. ರಸ್ತೆ ಕಾರಿಗೆ ಎರಡರಿಂದ ಎರಡೂವರೆ ಇಂಚಿನ ದಪ್ಪ ದಾಟದಿರುವುದು, ಎತ್ತರ ಅಗಲಗಳನ್ನು ಬಂಪರಿನ ತೆರಪಿಗೆ ಸರಿಹೊಂದಿಸುವುದು, ಜಾಲರಿಯ ಅಕ್ಕಪಕ್ಕದ ಸಂದುಗಳಿಗೆ ತಗಡಿನ ತಡೆ ಕೊಟ್ಟು ಗಾಳಿ ಸುತ್ತಿ ತಪ್ಪಿಸಿಕೊಳ್ಳದಂತೆ ಮಾಡುವುದು ಗಾತ್ರ ಹೆಚ್ಚಿಸುವುದಕ್ಕಿಂತ ಹೆಚ್ಚು ಫಲ ಕೊಡುತ್ತವೆ. ಆ ತಗಡಿನ ಕೆಲಸವನ್ನು ಅನೇಕರು ಬಿಟ್ಟೇಬಿಡುತ್ತಾರೆ, ಬಿಡಬಾರದು.

ಹೊಸದು ಕೊಳ್ಳುವ ಮೊದಲು ಇರುವುದನ್ನು ಅಳೆಯಬೇಕು. ಈಗಿನ ಕಾರುಗಳ ಓಬಿಡಿ ಸಾಕೆಟ್ಟಿಗೆ ಸಣ್ಣ ರೀಡರ್ ಸಿಕ್ಕಿಸಿದರೆ ಎಂಜಿನ್ನಿಗೆ ಹೋಗುವ ಗಾಳಿಯ ತಾಪ ಮೊಬೈಲಿನಲ್ಲೇ ಕಾಣುತ್ತದೆ. ಸುಡು ಮಧ್ಯಾಹ್ನ, ಖಾಲಿ ರಸ್ತೆಯಲ್ಲಿ, ಮೂರನೇ ಗೇರಿನಲ್ಲಿ ಪೂರ್ತಿ ಎಳೆತ ಕೊಟ್ಟು ನೋಡಬೇಕು. ಆ ತಾಪ ಹೊರಗಿನ ತಾಪಕ್ಕಿಂತ 20–25 ಡಿಗ್ರಿಯೊಳಗೆ ನಿಂತು, ಮತ್ತೆ ಮತ್ತೆ ಎಳೆದರೂ ಮೇಲಕ್ಕೆ ಹತ್ತುತ್ತಾ ಹೋಗದಿದ್ದರೆ ಕಂಪನಿಯ ಇಂಟರ್‌ಕೂಲರೇ ಸಾಕು. 35–40 ಡಿಗ್ರಿ ಮೇಲಿದ್ದರೆ ಮೊದಲು ಜಾಲರಿ ತೊಳೆಯಬೇಕು, ಪೈಪುಗಳ ಸೋರಿಕೆ ನೋಡಬೇಕು. ಆಮೇಲೂ ಹಾಗೇ ಇದ್ದರೆ ದೊಡ್ಡದರ ಮಾತು. ಜಾಲರಿಯ ಒಳಬಾಯಿ, ಹೊರಬಾಯಿಗಳ ಒತ್ತಡದ ವ್ಯತ್ಯಾಸ ಪೂರ್ತಿ ಎಳೆತದಲ್ಲಿ 0.1 ಬಾರಿನ ಒಳಗೆ ಇರಬೇಕು. ಕಾರಿನ ಶಕ್ತಿಯನ್ನು ಕಂಪನಿ ಕೊಟ್ಟದ್ದಕ್ಕಿಂತ ಏರಿಸಿಲ್ಲವಾದರೆ ಬಹುಪಾಲು ಕಾರುಗಳಿಗೆ ಈ ಪರೀಕ್ಷೆಯಲ್ಲಿ ಬದಲಾವಣೆಯ ಅಗತ್ಯವೇ ಕಾಣುವುದಿಲ್ಲ. ಶಕ್ತಿ ಏರಿಸುವ ಆಲೋಚನೆ ಇದ್ದರೆ ಇಂಧನ, ಟರ್ಬೊ, ಕ್ಲಚ್, ಇಂಟರ್‌ಕೂಲರ್ ನಾಲ್ಕನ್ನೂ ಒಟ್ಟಿಗೆ ಲೆಕ್ಕ ಹಾಕಬೇಕು, ರೈಲ್ವೆಯವರು ಮಾಡಿದ ಹಾಗೆ. ಕಂಪನಿಯ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಆಧಾರದ ಮೇಲೆ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಬಂಪರಿಗೆ ಗರಗಸ ಹಾಕುವ ಮೊದಲು ಆರ್‌ಟಿಓ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ಪೋಲೊ ಜಿಟಿಯಂಥ ಕೆಲವು ಕಾರುಗಳಲ್ಲಿ ಗ್ರಿಲ್ಲಿನ ಹಿಂದೆ ಹುಡುಕಿದರೆ ಇಂಟರ್‌ಕೂಲರ್ ಸಿಗುವುದಿಲ್ಲ. ಅದು ಎಂಜಿನ್ನಿನ ಗಾಳಿ ಒಳಹೋಗುವ ಮ್ಯಾನಿಫೋಲ್ಡಿನ ಒಳಗೇ ಇರುತ್ತದೆ, ನೀರಿನಿಂದ ತಣಿಯುತ್ತದೆ. ಆಲ್ಕೊ ಎಂಜಿನ್ನಿನ ಏರ್ಪಾಡಿಗೆ ಇದು ಹತ್ತಿರ, ಆದರೆ ಇಲ್ಲಿ ಎಂಜಿನ್ನಿನ ಬಿಸಿ ನೀರು ಬರುವುದಿಲ್ಲ. ಬೇರೆ ಪುಟ್ಟ ಪಂಪು, ಮುಂದೆ ಬೇರೆ ಪುಟ್ಟ ರೇಡಿಯೇಟರ್ ಇರುತ್ತವೆ. ಟರ್ಬೊದಿಂದ ಎಂಜಿನ್‌ವರೆಗಿನ ದಾರಿ ಗೇಣುದ್ದ, ಆದ್ದರಿಂದ ಎಳೆತಕ್ಕೆ ತಡವಿಲ್ಲ. ಇಂಥ ಕಾರಿನಲ್ಲಿ ಇಂಟರ್‌ಕೂಲರ್ ದೊಡ್ಡದು ಮಾಡಿಸುವ ಮಾತೇ ಬರುವುದಿಲ್ಲ. ಗಾಳಿ ಬಿಸಿ ಎನಿಸಿದರೆ ನೋಡಬೇಕಾದದ್ದು ಆ ಪಂಪು ಓಡುತ್ತಿದೆಯೇ, ಕೂಲೆಂಟಿನ ಮಟ್ಟ ಸರಿಯಿದೆಯೇ, ಮುಂದಿನ ಪುಟ್ಟ ರೇಡಿಯೇಟರಿನ ಸಂದುಗಳಲ್ಲಿ ಹೊಟ್ಟು ಕೂತಿದೆಯೇ ಎಂಬುದು. ಬದಲಿಸಲೇಬೇಕಾದರೆ ಬದಲಿಸುವುದು ಆ ರೇಡಿಯೇಟರಿನ ಅಗಲವನ್ನು.